ಆಪರೇಷನ್ ಗೌನು ಮತ್ತು ನನ್ನ ಖಾಲಿ ಕೈ

ಹೆದರಿಕೆ ಎಂಬುದು ನನ್ನ ಹತ್ತಿರ ಸುಳಿಯುವುದಿಲ್ಲ ಎಂದು ನಮ್ಮ ಓಣಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ. ಆದ್ದರಿಂದ ಬಲಗಣ್ಣಿನ ಪೊರೆಗೆ ಆಪರೇಷನ್ ಆಗಬೇಕೆಂದು ಜಮಖಂಡಿಯ ಡಾಕ್ಟರು ಹೇಳಿದಾಗ, "ಮಾಡ್ರಿ. ಇವತ್ತ ಮಾಡ್ರಿ. ಹೆಂಗೂ ಕಣ್ಣ ಸಂಗಾಟ ತಂದೇನಿ" ಎಂದೆ. ಅವರು ಎಂಟು ದಿನ ಬಿಟ್ಟು ಬರಲು ಹೇಳಿದರು. ತಪ್ಪು ಅವರದು. ಅವತ್ತೇ ಮಾಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ!

ನನ್ನ ಕಣ್ಣು ಕಾಣುವಂತಾದರೆ ಜೋಳದಲ್ಲಿನ ಕಲ್ಲು ಆರಿಸಲು ಒಂದು ಆಳು ಸಿಕ್ಕಂತಾಗುತ್ತದೆ ಎಂಬುದು ಸೊಸೆ ಶಾಂತಾಳ ವಿಚಾರ. ನನ್ನ ಆಸೆ ಬೇರೆ. ನಮ್ಮ ಯಜಮಾನರು ಬನಹಟ್ಟಿಯಲ್ಲಿ ಜೀವಮಾನವೆಲ್ಲ ಕುಣಿ ಮಗ್ಗದಲ್ಲಿ ಕೂತು ಊರ ಹೆಂಗಸರಿಗೆಲ್ಲ ಸೀರೆ ನೇಯ್ದವರು. ನನಗೆಂದೇ ನೇಯ್ದದ್ದು ಒಂದೇ ಒಂದು. ಅವರು ಹೋಗಿ ಆರು ವರ್ಷವಾಯಿತು. ಎರಡೂ ಕಣ್ಣಿಗೆ ಪೊರೆ ಬಂದಮೇಲೆ ಆ ಸೀರೆ ಹಸಿರೋ ಕಪ್ಪೋ ತಿಳಿಯದಾಯಿತು. ಟ್ರಂಕಿನಿಂದ ತೆಗೆದು, ಕೈಯಿಂದ ಸವರಿ, ಮತ್ತೆ ಇಡುತ್ತಿದ್ದೆ. ಅದನ್ನು ಇನ್ನೊಂದು ಸಲ ಕಣ್ಣಾರೆ ನೋಡಬೇಕು. ಅಷ್ಟೇ. ಸೊಸೆಗೆ ಹೇಳಲಿಲ್ಲ. ಹೇಳುವಂಥದ್ದೇನಲ್ಲ ಅದು.

ಎಂಟು ದಿನದ ನಡುವೆ ಪಕ್ಕದ ಮನೆಯ ಗಂಗವ್ವ ಧೈರ್ಯ ಹೇಳಲು ಬಂದಳು.

"ಯಕ್ಕಾ, ನೀ ಏನೂ ಹೆದರಬ್ಯಾಡ. ಕಣ್ಣ ಹೊರಗ ತಗದು ಬಟ್ಟಲದಾಗ ಇಡ್ತಾರಂತ. ತೊಳದು ತಿರಗಿ ಕೂಡಸ್ತಾರಂತ."

"ಯಾರ ಹೇಳಿದ್ರ ಬೇ?"

"ನಮ್ಮ ಬೀಗತಿ ಬೀಳಗ್ಯಾಗ ಕೇಳಿ ಬಂದಾಳ."

"ಹಿಂದ ಮುಂದ ಮಾಡಿ ಕೂಡಿಸಿದ್ರ?"

"ಅದನ್ನ ಆಕಿ ಕೇಳಿಲ್ಲ."

ಅಂದಿನಿಂದ ನನಗೆ ರೊಟ್ಟಿ ಸೇರಲಿಲ್ಲ. ಹೆದರಿಕೆಯಿಂದ ಅಲ್ಲ. ಹಸಿವಿರಲಿಲ್ಲ, ಉಳಿದಷ್ಟೂ ದಿನ!

ಆಪರೇಷನ್ ದಿನ ಬಂತು. ಶಾಂತಾ ಸಂಗಡ ಬಂದಳು. ಸೀರೆಯ ಮೇಲೆ ಒಂದು ಹಸಿರು ಗೌನು ತೊಡಿಸಿ ಬೆಂಚಿನ ಮೇಲೆ ಕೂಡಿಸಿದರು. ಸಿಸ್ಟರ್ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹೊಡೆದು ಮುಖ ಸಣ್ಣ ಮಾಡಿದಳು.

"ಆಯೀ, ಬಿ.ಪಿ. ಏರೈತಿ. ಇಳೀಲಿಲ್ಲಂದ್ರ ಆಪರೇಷನ್ ಇಲ್ಲರಿ, ಮನಿಗೆ ಕಳಸ್ತೇವಿ. ಹೆದರೀರೇನು?"

"ನಾನಾ? ನಿನ್ನ ಮಷಿನ್ ಹೆದರಿರಬೇಕು, ನೋಡ ತಂಗಿ."

ಉಸಿರನ್ನು ಎಳೆದೆಳೆದು ಬಿಡಲು ಹೇಳಿ ಹೋದಳು. ನಾನು ಯಾವ ಕೆಲಸವನ್ನೂ ಅರ್ಧ ಮನಸ್ಸಿನಿಂದ ಮಾಡುವವಳಲ್ಲ. ನನ್ನ ಉಸಿರಾಟ ಕೇಳಿ ಪಕ್ಕದ ಹೆಂಗಸು ಎದ್ದು ಬೇರೆ ಬೆಂಚಿಗೆ ಹೋದಳು! ಆಮೇಲೆ 'ಓಂ ನಮಃ ಶಿವಾಯ' ಹಿಡಿದೆ. ಪ್ರತಿ ಶಿವಾಯಕ್ಕೂ ಒಂದು ಬಟ್ಟಲು ಎದುರಿಗೆ ಬರುವುದು. ಅದರೊಳಗಿನಿಂದ ನನ್ನ ಕಣ್ಣೇ ನನ್ನನ್ನು ನೋಡುವುದು. ಸಿಸ್ಟರ್ ಮತ್ತೆ ಬಂದು ನೋಡಿದರೆ ಬಿ.ಪಿ. ಇನ್ನೂ ಮೇಲೆ. ಶಿವನ ಹೆಸರು ಹೇಳಿ ಬಿ.ಪಿ. ಏರಿಸಿಕೊಂಡವಳು ಆ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇರಬೇಕು.

"ಇನ್ನೊಂದ ಸಲಾ ನೋಡ್ತೇನಿ. ಆಗಲೂ ಇಳೀಲಿಲ್ಲಂದ್ರ ಬಸ್ ಹತ್ರಿ" ಎಂದಳು.

ಬಸ್ ಹತ್ತಿದರೆ ಸೀರೆ ಟ್ರಂಕಿನಲ್ಲೇ ಉಳಿಯಿತು. ಏನು ಮಾಡಲಿ? ನಮ್ಮ ಓಣಿಯಲ್ಲಿ ಪವರ್‌ಲೂಮಿನ ಸದ್ದು ನಿಲ್ಲುವುದಿಲ್ಲ. ಇಲ್ಲಿ ಗೋಡೆ ಗಡಿಯಾರ ಬಿಟ್ಟರೆ ಸದ್ದಿಲ್ಲ. ಕೈಯೂ ಖಾಲಿ. ನನ್ನ ಕೈ ಎಂದೂ ಖಾಲಿ ಇದ್ದದ್ದಲ್ಲ. ಆ ಕೈ ತಾನಾಗಿ ಗೌನಿನ ಅಂಚಿಗೆ ಹೋಯಿತು. ಹೊಲಿಗೆ ಬಿಚ್ಚಿದ ಕಡೆ ಒಂದು ಎಳೆ ಜೋತಿತ್ತು. ಜೋತ ಎಳೆಯನ್ನು ಹಾಗೇ ಬಿಡುವುದು ನೇಕಾರರ ಮನೆಯವರಿಂದ ಆಗದ ಕೆಲಸ. ಜಗ್ಗಿದೆ. ಬೆಣ್ಣೆಯಲ್ಲಿನ ಕೂದಲಿನಂತೆ ಬಂತು. ಎರಡು ಬೆರಳಿಗೆ ಸುತ್ತಿಕೊಂಡೆ. ಇನ್ನೊಂದು ಜಗ್ಗಿದೆ. ಮತ್ತೊಂದು.

ಎಷ್ಟು ವರ್ಷ ಸುತ್ತಿದ್ದೆ ಹೀಗೆ! ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವುದು ನನ್ನ ಕೆಲಸ. ಬಾಗಿಲ ಬೆಳಕಿಗೆ ರಾಟಿ ಇಟ್ಟುಕೊಂಡು ನಾನು ಕೂತಿರುತ್ತಿದ್ದೆ. ಅವರು ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ಇತ್ತ ನೋಡದೆ ಕೈ ಚಾಚುವರು. ಆ ಕೈಯಲ್ಲಿ ನಾನು ಕಂಡಿಕೆ ಇಡುವೆ. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಕೈ ಮಾತ್ರ ನೂರು ಸಲ ಚಾಚುವರು. ಮಗ ಪವರ್‌ಲೂಮ್ ಕೂಡಿಸಿದಾಗ ಆ ಕುಣಿ ಮುಚ್ಚಿ ಫರ್ಸಿ ಕಲ್ಲು ಹಾಸಿದ. ಇಂದಿಗೂ ನಾನು ಅದರ ಮೇಲೆ ಕಾಲಿಡುವುದಿಲ್ಲ, ಬಳಸಿ ಹೋಗುತ್ತೇನೆ. ಸೊಸೆ ಅದನ್ನು ಮೊಣಕಾಲು ನೋವು ಎಂದುಕೊಂಡಿದ್ದಾಳೆ.

"ಬಿ.ಪಿ. ಇಳದೈತಿ ಆಯೀ! ಛಲೋ ಆತು, ಏಳ್ರಿ."

ಎದ್ದೆ. ಗೌನು ಏಳಲಿಲ್ಲ, ಅಂದರೆ ಏಳುವಷ್ಟು ಉಳಿದಿರಲಿಲ್ಲ! ಮೊಣಕಾಲ ತನಕ ಬಟ್ಟೆ, ಅದರ ಕೆಳಗೆ ಬರೀ ಜಾಲರಿ.

"ಅಯ್ಯ ಶಿವನ! ಗೌನ್ ಏನಾತ್ರಿ?"

"ನೂಲ ಎಲ್ಲೂ ಹೋಗಿಲ್ಲ, ಇಲ್ಲೇ ಐತಿ" ಎಂದು ಬೆರಳಿನ ಉಂಡೆ ತೋರಿಸಿದೆ. "ಒಂದ ಮಗ್ಗ ತರಸ್ರಿ, ಮೊದಲಿಗಿಂತ ಛಲೋ ನೇಯ್ಸಿ ಕೊಡ್ತೇನಿ. ಇದನ್ನ ಮಾಡಿದಾಂವಗ ಕೆಲಸಾನ ಬಂದಿಲ್ಲ."

ಶಾಂತಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅತ್ತೀ, ನಿಮ್ಮ ಕಾಲ ಬೀಳ್ತೇನಿ, ಸುಮ್ಕಿರ್ರಿ!"

ಬೇರೆ ಗೌನು ತೊಡಿಸಿದರು. ಟೇಬಲ್ಲಿನ ಮೇಲೆ ಸಿಸ್ಟರ್ ನನ್ನ ಎರಡೂ ಕೈಗಳನ್ನು ಚಾದರದೊಳಗೆ ಬಿಗಿಯಾಗಿ ಸೇರಿಸಿದಳು. "ನಿಮ್ಮ ಮ್ಯಾಲ ಭರೋಸಾ ಐತಿ ಆಯೀ, ಈ ಕೈ ಮ್ಯಾಲ ಇಲ್ಲ." ಬಟ್ಟಲು ಎಲ್ಲಿದೆ ಎಂದು ನಾನು ಡಾಕ್ಟರನ್ನು ಕೇಳಬೇಕು ಅನ್ನುವಷ್ಟರಲ್ಲಿ ಆಪರೇಷನ್ ಮುಗಿದೇ ಹೋಯಿತು.

ಮರುದಿನ ಪಟ್ಟಿ ಬಿಚ್ಚಿದರು. ಮನೆಗೆ ಬಂದವಳೇ ಟ್ರಂಕು ತೆಗೆದು, ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಸಿರು! ಎಳೆಯ ಜೋಳದ ಪೈರಿನ ಹಸಿರು, ಕೆಂಪು ದಡಿ. ಕಣ್ಣಲ್ಲಿ ನೀರು ಬಂತು. ಔಷಧಿಯ ಹನಿ ಹಾಕಿದ್ದರಲ್ಲ, ಅದಕ್ಕೆ.

ಆಮೇಲೆ ದಡಿಯ ಹತ್ತಿರ ಒಂದು ಕಡೆ ನೂಲು ಸಡಿಲಾಗಿ ಎದ್ದು ನಿಂತದ್ದು ಕಂಡಿತು. ಮೊಳ ದೂರದಲ್ಲಿ ಇನ್ನೊಂದು. ಮಡಿಕೆ ಬಿಚ್ಚಿದಂತೆಲ್ಲ ಮತ್ತೆ, ಮತ್ತೆ. ಎಣಿಸುತ್ತ ಹೋದೆ. ಕಂಡಿಕೆ ಸಡಿಲಾಗಿ ಸುತ್ತಿದರೆ ಬಟ್ಟೆ ಹೀಗಾಗುತ್ತದೆ. ಸುತ್ತಿದವಳು ನಾನು.

ಒಮ್ಮೆಯಾದರೂ ನನಗೆ 'ಛಲೋ ಸುತ್ತೀದಿ' ಅನ್ನಲಿಲ್ಲವಲ್ಲ ಎಂದು ಆರು ವರ್ಷ ಸತ್ತವರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಪಾಪ, ಏನು ನೋಡಿ ಅನ್ನಬೇಕಿತ್ತು ಅವರು? ಇದೆಲ್ಲ ಕಂಡೂ ಮತ್ತೆ ಕೈ ಚಾಚುತ್ತಲೇ ಇದ್ದರು.

ಶಾಂತಾ ಒಳಗೆ ಬಂದಳು. "ಅತ್ತೀ, ಎಡಗಣ್ಣಿಂದು ಯಾವಾಗ ಮಾಡಸ್ತೀರಿ ಅಂತ ಡಾಕ್ಟರ್ ಕೇಳ್ಯಾರ."

"ಅವಸರ ಇಲ್ಲ ತಂಗಿ" ಎಂದೆ. "ಒಂದ ಕಣ್ಣಿಗೇ ಹದಿನಾಲ್ಕ ಕಂಡಾವ."