ನಮ್ಮ ನಕಾಶೆ ಎಷ್ಟು ದೊಡ್ಡದು?

ಸಿಂಧನೂರಿನಲ್ಲಿ ಕೂತು ವಿಡಿಯೊ ಗೇಮ್ ಮಾಡುತ್ತೇವೆ ಅಂದರೆ ಮೊದಲು ಊರವರು ನಗುತ್ತಾರೆ. ಆಮೇಲೆ ದಿನಾ ನಗುವ ಸರದಿ ನಮ್ಮದು. ಅಕ್ಕಿ ಅಂಗಡಿಯ ಮಾಳಿಗೆ ಮೇಲೆ ನಾವಿಬ್ಬರು: ಯಾವ ಊರು, ಯಾವ ದಾರಿ ಎಲ್ಲಿರಬೇಕೆಂದು ಹೇಳುವ ನಾನು, ಅದನ್ನು ಕಂಪ್ಯೂಟರಿಗೆ ತಿಳಿಸುವ ನಮ್ಮ ಪ್ರೋಗ್ರಾಮರ್. ಕುದುರೆ ಏರಿ ಮನಸ್ಸು ಬಂದ ಕಡೆ ತಿರುಗುವ ಆಟ. ಲೋಕ ಮಾತ್ರ ಹಳೇ ಕಾಲದ ನಮ್ಮದೇ ಸೀಮೆ. ಹೆಮ್ಮೆಯಿಂದಲೇ ಹೇಳುತ್ತೇನೆ.

೧. ಬಟಾಬಯಲು

ಮೊದಲ ನಕಾಶೆ ಭಾರೀ ದೊಡ್ಡದು. ಲಿಂಗಸುಗೂರಿನಿಂದ ಮಸ್ಕಿಗೆ ಕುದುರೆ ಬಿಟ್ಟೆ. ಓಡಿತು, ಓಡಿತು, ಒಂದು ನಾಯಿಯೂ ಬೊಗಳಲಿಲ್ಲ. ಕೆಳಗಿಳಿದು ಚಹಾ ಕುಡಿದು ಬಂದೆ, ಇನ್ನೂ ಓಡುತ್ತಲೇ ಇತ್ತು.

"ಏನಪಾ, ದಾರ್ಯಾಗ ಏನೂ ಇಲ್ಲಲ್ಲ?"

"ಮೇಡಂ, ದೊಡ್ಡದು ಬೇಕಂದ್ರಿ, ಮಾಡೀನಿ. ತುಂಬಿರಬೇಕಂತ ಯಾವಾಗ ಹೇಳಿದ್ರಿ?"

೨. ಅತ್ತೆಯ ಪ್ರಯಾಣ

ಮುಕ್ಕಾಲು ನಕಾಶೆ ಕಿತ್ತುಹಾಕಿ, ಊರುಗಳನ್ನು ಹತ್ತಿರ ತಂದು, ಜನರನ್ನು ತುಂಬಿದೆವು. ಆಡಿ ನೋಡಲು ನಮ್ಮ ಅತ್ತೆಯನ್ನು ಕೂಡಿಸಿದೆ. ಅವರು ಆಟದ ವೀರನನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಕೈಕಟ್ಟಿ ಕೂತರು.

"ಅತ್ತೀ, ಮುಂದ ಹೋಗ್ರಿ. ದಢೇಸುಗೂರಿನ್ಯಾಗ ನಿಧಿ ಐತಿ."

"ತಡಿಯವ್ವ, ಬಸ್ ಬರ್ಲಿ."

"ಹಳೇ ಕಾಲರೀ, ಬಸ್ ಇಲ್ಲ. ಕುದುರಿ ಐತೆಲ್ಲ?"

"ಈ ಬಿಸಲಾಗ ಯಾರು ಹೊಕ್ಕಾರ? ನಿಧಿ ಇದ್ದವ್ರೇ ಸಂತಿಗೆ ಬರ್ತಾರ ಬಿಡು."

೩. ಸಾಹೇಬರು ಬಂದರು

ಆಟ ಕೊಳ್ಳಬೇಕಿದ್ದ ಕಂಪನಿಯ ಸಾಹೇಬರು ಫೋನಿನಲ್ಲೇ ಸಿಡುಕಿದರು: "ಇಷ್ಟು ಚಿಕ್ಕ ಮ್ಯಾಪ್ ಯಾರಿಗೆ ಬೇಕು ಮೇಡಂ? ನಾನೇ ಬಂದು ನೋಡ್ತೀನಿ. ಹೀಗೇ ಇದ್ರೆ ಒಪ್ಪಂದ ಇಲ್ಲ."

ಪ್ರೋಗ್ರಾಮರ್ ಮುಖ ಬಾಡಿತು. "ಆ ಬಯಲು ವಾಪಸ್ ಹಾಕ್ಲೇನ್ರಿ?"

"ಒಂದ್ ಗೇಣೂ ಹಾಕಬ್ಯಾಡ," ಎಂದೆ.

ಮರುದಿನ ಬೆಳಿಗ್ಗೆ ಬಂದ ಸಾಹೇಬರು ಸಾಲಗುಂದದಿಂದ ಆಟ ಶುರು ಮಾಡಿದರು. ಕಟ್ಟೆ ಮೇಲಿನ ಮುದುಕ ಕುದುರೆ ತಡೆದ: "ಯಾವೂರು? ಯಾರ ಪೈಕಿ?" ಉತ್ತರ ಕೊಟ್ಟರೆ, "ಹಂಗಾರ ನೀ ನಮ್ಮ ಬೀಗರ ಕಡಿಯವ! ಉಣ್ಣದ ಹೆಂಗ ಹೋಗ್ತಿ?" ಉಣ್ಣಲು ಹೋದರೆ ಆ ಮನೆಯ ಎಮ್ಮೆ ಕಳೆದಿದೆ. ಎಮ್ಮೆ ಹುಡುಕಿದರೆ ಕೆರೆ ನೀರಿನ ಜಗಳ. ಜಗಳ ಬಿಡಿಸಿದರೆ ಇನ್ನೊಂದು ಮನೆಯ ಊಟ. ತಿಂಡಿಗೆಂದು ತರಿಸಿದ ಮಂಡಾಳ ಒಗ್ಗರಣೆ ಸಾಹೇಬರ ಮುಂದೆ ಆರಿ ಹೋಯಿತು. ಸಂಜೆಯಾದರೂ ವೀರ ಸಾಲಗುಂದ ದಾಟಿರಲಿಲ್ಲ.

ಕೊನೆಗೆ ಕಣ್ಣುಜ್ಜುತ್ತಾ ನನ್ನತ್ತ ತಿರುಗಿದರು: "ಸಹಿ ಹಾಕ್ತೀನಿ ಮೇಡಂ. ಆದ್ರೆ ಮ್ಯಾಪ್ ತೀರಾ ದೊಡ್ಡದಾಯ್ತು, ಸ್ವಲ್ಪ ಚಿಕ್ಕದು ಮಾಡಿ."