ಒತ್ತಿ ನೋಡಿದ ಪ್ರೊಸೆಸರ್

ಯಾವುದೇ ಕೆಲಸವನ್ನು ಇಪ್ಪತ್ತು ವರ್ಷ ಮಾಡಿದರೆ ಅದು ಮನುಷ್ಯನ ಮೈಯಲ್ಲಿ ಎಲ್ಲೋ ಒಂದು ಕಡೆ ಬಿಡಾರ ಹೂಡಿಬಿಡುತ್ತದೆ. ನಮ್ಮ ಓಣಿಯ ದರ್ಜಿ ಯಾರ ಜೊತೆ ಮಾತಿಗೆ ನಿಂತರೂ ಅವರ ಮುಖ ನೋಡುವುದಿಲ್ಲ, ಭುಜದ ಹೊಲಿಗೆ ನೋಡುತ್ತಾನೆ. ಪಕ್ಕದ ಮನೆಯ ಮಾಸ್ತರರು ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಲಗ್ನಪತ್ರಿಕೆ ಕೈಗೆ ಬಂದರೆ ಈಗಲೂ ಮೊದಲು ಕಾಗುಣಿತ ತಿದ್ದಿ, ಆಮೇಲೆ ಲಗ್ನ ಯಾರದ್ದು ಎಂದು ಕೇಳುತ್ತಾರೆ. ನನ್ನ ಕೆಲಸ ಬಿಡಾರ ಹೂಡಿರುವುದು ನನ್ನ ಬಲಗೈಯ ಹೆಬ್ಬೆರಳಿನಲ್ಲಿ. ನಾನು ಬ್ಯಾಡಗಿ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ಖರೀದಿ ಮಾಡುವವನು. ಸೋಮವಾರ ಮತ್ತು ಗುರುವಾರ ಸಾಲುಸಾಲಾಗಿ ಚೀಲಗಳು ಬಾಯಿ ಬಿಚ್ಚಿಕೊಂಡು ನಿಂತಿರುತ್ತವೆ. ಒಂದು ಹಿಡಿ ಕಾಯಿ ತೆಗೆದುಕೊಂಡು ಒತ್ತಿದರೆ ಸಾಕು, ಸರಿಯಾಗಿ ಒಣಗಿದೆಯೋ, ಮಳೆಗೆ ಸಿಕ್ಕಿದೆಯೋ, ಇಲ್ಲವೇ ತೂಕ ಬರಲೆಂದು ಹಿಂದಿನ ಸಂಜೆ ನೀರು ಚಿಮುಕಿಸಿದ್ದಾರೋ, ಎಲ್ಲವೂ ನನ್ನ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಇದು ಜಂಬದ ಮಾತಲ್ಲ. ಅಥವಾ ಜಂಬದ ಮಾತೇ ಇರಬಹುದು, ಆದರೆ ನಿಜ.

ತೊಂದರೆ ಏನೆಂದರೆ ಈ ಹೆಬ್ಬೆರಳಿಗೆ ಮಾರುಕಟ್ಟೆ ಎಲ್ಲಿ ಮುಗಿಯುತ್ತದೆ, ಮನೆ ಎಲ್ಲಿ ಶುರುವಾಗುತ್ತದೆ ಎಂಬುದು ತಿಳಿಯುವುದಿಲ್ಲ. ಕನ್ಯೆ ನೋಡಲು ಹಾವೇರಿಗೆ ಹೋದಾಗ ತಾಟಿನಲ್ಲಿಟ್ಟಿದ್ದ ಶೇಂಗಾ ಉಂಡಿಯನ್ನು ತಿನ್ನುವ ಮೊದಲು ಒತ್ತಿ ನೋಡಿದೆ. ಅದು ಪುಡಿಪುಡಿಯಾಗಿ ಹೊಸ ಪ್ಯಾಂಟಿನ ಮೇಲೆ ಬಿತ್ತು. ಉಂಡಿ ಕಟ್ಟಿದ ಹುಡುಗಿ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಆಕೆಯೇ ಈಗ ನನ್ನ ಹೆಂಡತಿ ಗಿರಿಜಾ. "ಆವತ್ತೇ ನನಗ ಗೊತ್ತಾಗಬೇಕಿತ್ತು," ಎಂದು ಈಗಲೂ ತಿಂಗಳಿಗೊಮ್ಮೆಯಾದರೂ ಹೇಳುತ್ತಾಳೆ. ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜಿ ನನ್ನನ್ನು ದೂರದಿಂದಲೇ ಕಂಡು ಬುಟ್ಟಿಯ ಮೇಲೆ ಸೆರಗು ಹೊದಿಸುತ್ತಾಳೆ.

ಹೆಬ್ಬೆರಳಿನ ಜೊತೆಗೆ ನನ್ನಲ್ಲಿ ಒಂದು ಪ್ರವಚನವೂ ಇತ್ತು. ಯಾವುದಾದರೂ ಚೀಲದಲ್ಲಿ ನೀರು ಹೊಡೆದ ಕಾಯಿ ಸಿಕ್ಕರೆ ನಾನು ಸುಮ್ಮನೆ ಮುಂದೆ ಹೋಗುತ್ತಿರಲಿಲ್ಲ. ತಂದವನನ್ನು ನಿಲ್ಲಿಸಿಕೊಂಡು, "ಹಸಿ ಇರೂದು ತಪ್ಪಲ್ಲೋ ತಮ್ಮಾ, ಮುಚ್ಚಿಡೂದು ತಪ್ಪು. ಹಸಿ ಐತಿ ಅಂತ ಬಾಯಿಬಿಟ್ಟು ಹೇಳಿದ್ರ ನಿನ್ನ ಗಂಟೇನು ಹೋಗತಿತ್ತು?" ಎನ್ನುತ್ತಿದ್ದೆ. ಮನೆಗೆ ಬಂದು ಊಟಕ್ಕೆ ಕುಳಿತಾಗ ಅದನ್ನೇ ಇನ್ನೊಮ್ಮೆ, ಕೈಸನ್ನೆ ಸಮೇತ ಹೇಳುತ್ತಿದ್ದೆ. ಗಿರಿಜಾ ಕೇಳುತ್ತಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿದ್ದ ಮಗಳು ಅಕ್ಷತಾ ರೊಟ್ಟಿ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳುವ ಮಕ್ಕಳು ಇರುವ ಮನೆಯಲ್ಲಿ ಪ್ರವಚನ ಹೇಳಬಾರದೆಂದು ನನಗೆ ಆಗ ಯಾರೂ ಹೇಳಿರಲಿಲ್ಲ.

ಈ ಅಕ್ಷತಾ ಬೇಸಿಗೆ ಸೂಟಿಗೆ ಹಾವೇರಿಯ ಸೋದರಮಾವನ ಮನೆಗೆ ಹೋದವಳು ಅಲ್ಲಿನ ಕಂಪ್ಯೂಟರಿನಲ್ಲಿ ಕಾರಿನ ರೇಸು ಆಡಿ ಬಂದಳು. ಬಂದವಳು ಹೋದಾಗಿನ ಹಾಗಿರಲಿಲ್ಲ. ನನ್ನ ಅವ್ವ ಮೊಮ್ಮಗಳಿಗೆಂದು ಒಂದು ಜೊತೆ ಬಂಗಾರದ ಬೆಂಡೋಲೆ ಮಾಡಿಸಲು ಎಷ್ಟೋ ವರ್ಷದಿಂದ ಗಂಟು ಕಟ್ಟಿಟ್ಟಿದ್ದಳು. ಅಕ್ಷತಾ ಅಜ್ಜಿಯ ಮುಂದೆ ಕುಳಿತು, "ಯಮ್ಮಾ, ನನಗ ಬೆಂಡೋಲಿ ಬ್ಯಾಡ, ಕಂಪ್ಯೂಟರ್ ಬೇಕು," ಎಂದಳು. ಅವ್ವ ಬಹಳ ಹೊತ್ತು ಯೋಚಿಸಿ, "ಅದನ್ನ ಹಾಕ್ಕೊಂಡು ಲಗ್ನಕ್ಕ ಹೋಗಾಕ ಬರತೈತೇನು?" ಎಂದು ಕೇಳಿದಳು. ಬರುವುದಿಲ್ಲ ಎಂದು ಮೊಮ್ಮಗಳು ನಿಜ ಹೇಳಿದ್ದಕ್ಕೋ ಏನೋ ಒಪ್ಪಿಬಿಟ್ಟಳು.

ಆದರೆ ಬೆಂಡೋಲೆಯ ಗಂಟಿನಲ್ಲಿ ರೇಸು ಓಡಿಸುವಂಥ ಕಂಪ್ಯೂಟರು ಸಿದ್ಧವಾಗಿ ಸಿಗುವುದಿಲ್ಲ, ಬಿಡಿ ಬಿಡಿ ಸಾಮಾನು ತಂದು ಮನೆಯಲ್ಲೇ ಜೋಡಿಸಬೇಕು ಎಂದು ಅಕ್ಷತಾ ಯಾವುದೋ ಪತ್ರಿಕೆ ಓದಿ ಕಂಡುಹಿಡಿದಳು. ಗಣಿತದ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬೇಕಾದ ಸಾಮಾನಿನ ಯಾದಿ ತಯಾರಾಯಿತು. ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬುದರಲ್ಲಿ ಆಕೆ ನನಗಿಂತ ಗಟ್ಟಿ ಖರೀದಿದಾರಳು. ಮಾನಿಟರ್ ಹಳೆಯದಾದರೂ ನಡೆಯುತ್ತದೆ ಎಂದು ಹಾವೇರಿಯಲ್ಲಿ ಬಾಗಿಲು ಹಾಕುತ್ತಿದ್ದ ಸೈಬರ್ ಕೆಫೆಯೊಂದರಿಂದ ತಂದೆವು. ಆ ದಪ್ಪ ಡಬ್ಬವನ್ನು ಬಸ್ಸಿನಲ್ಲಿ ನಾನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ನನಗೆ ಮುಂದೇನೂ ಕಾಣುತ್ತಿರಲಿಲ್ಲ, ಕಂಡಕ್ಟರನಿಗೆ ನಾನು ಕಾಣುತ್ತಿರಲಿಲ್ಲ. ಉಳಿದದ್ದೆಲ್ಲ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮಂಜುನಾಥ ಎಂಬ ಹುಡುಗ ಹೊಸದಾಗಿ ಇಟ್ಟಿದ್ದ ಅಂಗಡಿಯಿಂದ ಬಂತು. ಅವನ ಅಂಗಡಿಗೆ ಆಗಿನ್ನೂ ಬೋರ್ಡು ಕೂಡ ಬರೆಸಿರಲಿಲ್ಲ.

ಕ್ಯಾಬಿನೆಟ್ಟು, ಮದರ್‌ಬೋರ್ಡು, ಆಟಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡು ಎಲ್ಲ ಬಂದು ಮನೆಯ ಮೇಲಿನ ಕೋಣೆಯಲ್ಲಿ ಕುಳಿತವು. ಕೆಳಗೆ ಮೆಣಸಿನಕಾಯಿಯ ಮಾದರಿ ಚೀಲಗಳಿರುವುದರಿಂದ ಅಲ್ಲಿ ಬೇಡ ಎಂದು ಅಕ್ಷತಾಳ ಆಜ್ಞೆ. ಕೊನೆಗೆ ಉಳಿದದ್ದು ಪ್ರೊಸೆಸರು. ಇಡೀ ಯಂತ್ರದ ತಲೆ ಅದೇ, ಅದರಷ್ಟು ತುಟ್ಟಿ ಸಾಮಾನು ಯಾದಿಯಲ್ಲಿ ಇನ್ನೊಂದಿರಲಿಲ್ಲ. ಬೆಂಡೋಲೆಯ ಲೆಕ್ಕದಲ್ಲಿ ಹೇಳುವುದಾದರೆ ಹತ್ತಿರಹತ್ತಿರ ಒಂದು ಕಿವಿ. ಬುಧವಾರ ಸಂಜೆ ನಾನೇ ರಾಣೆಬೆನ್ನೂರಿನಿಂದ ಅದನ್ನು ತಂದೆ. ಮನೆಯಲ್ಲಿ ಕರೆಂಟು ಇರಲಿಲ್ಲ. "ನಾಳೆ ಸಾಲಿ ಬಿಟ್ಟ ಮ್ಯಾಲೆ ಬಂದು ಹಚ್ಚತೇನಿ. ಅಪ್ಪಾ, ಅಲ್ಲೀತನಕ ನೀ ಏನೂ ಮುಟ್ಟಬ್ಯಾಡ," ಎಂದು ಅಕ್ಷತಾ ಡಬ್ಬಿಯನ್ನು ಕಪಾಟಿನಲ್ಲಿ ಇಟ್ಟಳು. "ನಾ ಯಾಕ ಮುಟ್ಟಲಿ?" ಎಂದೆ.

ಗುರುವಾರ ಮಾರುಕಟ್ಟೆ ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ. "ಕೈ ತೊಳಕೊಂಡ ಬರ್ರಿ, ತಾಟು ಹಾಕೇನಿ," ಎಂದು ಗಿರಿಜಾ ಅಡುಗೆಮನೆಯಿಂದ ಕೂಗಿದಳು. ಬಚ್ಚಲಿಗೆ ಹೋಗಬೇಕಾದ ಕಾಲು ಮೇಲಿನ ಕೋಣೆಗೆ ಯಾಕೆ ಹೋಯಿತೆಂದು ನನ್ನನ್ನು ಕೇಳಬೇಡಿ. ಇಷ್ಟು ದುಡ್ಡಿನ ಮಾಲು ಹೇಗಿರುತ್ತದೆ, ಒಂದು ಸಲ ನೋಡಿ ಇಟ್ಟುಬಿಡೋಣ ಎಂದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಡಬ್ಬಿ ತೆರೆದರೆ ಒಳಗೆ ಬಿಸ್ಕತ್ತಿನಷ್ಟು ಅಗಲದ ಒಂದು ಚೌಕ. ತಿರುಗಿಸಿದರೆ ಹಿಂದುಗಡೆ ಕೂದಲಿನಂಥ ಸಣ್ಣ ಪಿನ್ನುಗಳು, ಎಣಿಸಲಾಗದಷ್ಟು, ಸಾಲು ತಪ್ಪದೆ ನಿಂತಿದ್ದವು. ನೋಡಲು ಬಹಳ ಚೆಂದವಿತ್ತು. ಅಷ್ಟರಲ್ಲಿ ಹೆಬ್ಬೆರಳು ತನ್ನ ಕೆಲಸ ಮಾಡಿ ಮುಗಿಸಿತ್ತು. ಕೈ ತೆಗೆದು ನೋಡಿದರೆ ಒಂದು ಮೂಲೆಯ ಪಿನ್ನುಗಳೆಲ್ಲ ಗಾಳಿಗೆ ಸಿಕ್ಕ ಜೋಳದ ಬೆಳೆಯ ಹಾಗೆ ಒಂದೇ ಕಡೆ ಒರಗಿದ್ದವು.

ಡಬ್ಬಿ ಮುಚ್ಚಿ, ಇದ್ದಲ್ಲೇ ಇಟ್ಟು, ಕೆಳಗಿಳಿದು ಕೈ ತೊಳೆದುಕೊಂಡು ಊಟಕ್ಕೆ ಕುಳಿತೆ. ಅವತ್ತು ಮಾರುಕಟ್ಟೆಯ ಸುದ್ದಿ ಹೇಳಲಿಲ್ಲ. ರೊಟ್ಟಿ ಒಂದು ಕಡಿಮೆ ತಿಂದದ್ದನ್ನು ಗಿರಿಜಾ ಗಮನಿಸಿದಳು.

ಸಂಜೆ ಅಕ್ಷತಾ ಮೇಲೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಡಬ್ಬಿ ಹಿಡಿದುಕೊಂಡು ಇಳಿದು ಬಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಬಹುಶಃ ನಾನು ಆಗಲೇ ಹೇಳಿಬಿಡುತ್ತಿದ್ದೆ. "ಅಪ್ಪಾ, ಪಿನ್ನು ಬಗ್ಗ್ಯಾವ. ಯಾರರ ತಗದಿದ್ರೇನು?" ಎಂದು ಕೇಳಿದಳು. "ಅಂಗಡ್ಯಾಗ ಹಂಗ ಇದ್ದಿರಬೇಕು," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಒಂದೇ ಇದ್ದರೆ ನಿಲ್ಲುವುದಿಲ್ಲ, ಅದಕ್ಕೆ ಸಿಟ್ಟಿನ ಆಸರೆ ಬೇಕು. "ಇವರೆಲ್ಲ ಹಿಂಗ. ಕೆಟ್ಟ ಮಾಲು ದಾಟಿಸಿಬಿಡ್ತಾರ," ಎಂದು ಆ ಮಂಜುನಾಥನಿಗೆ ನಾಲ್ಕು ಮಾತು ಬೈದೆ. ಅಕ್ಷತಾ ನನ್ನನ್ನೇ ನೋಡುತ್ತ, "ಹಂಗಾದ್ರ ಆಯ್ತವಾರ ರಾಣೆಬೆನ್ನೂರಿಗೆ ಹೋಗಿ ಕೇಳೂಣು," ಎಂದಳು.

ನನಗೆ ನಿಜವಾಗಿ ಭಯವಾಯಿತು. ಪ್ರೊಸೆಸರಿನ ಭಯವಲ್ಲ. ಈ ಹುಡುಗಿ ಕಿವಿಗೆ ಏನೂ ಬೇಡ ಎಂದು ಮಾಡಿಸಿಕೊಳ್ಳುತ್ತಿದ್ದ ವಸ್ತುವನ್ನು ನಾನು ಹಾಳು ಮಾಡಿದ್ದೆ, ಮೇಲಾಗಿ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿದ್ದೆ. "ಅಷ್ಟ ದೂರ ಯಾಕ ಹೋಗೂದು? ಹೊಸಾದು ಒಂದು ಕೊಡಸ್ತೇನಿ ಬಿಡು," ಎಂದೆ. ಗಿರಿಜಾ ಅಡುಗೆಮನೆಯಿಂದ ಹೊರಗೆ ಬಂದು ನನ್ನ ಮುಖ ನೋಡಿ, "ಕೊತ್ತಂಬರಿ ಸಿವುಡಿಗೆ ಅರ್ಧ ತಾಸು ಜಗಳಾ ಮಾಡೋರು ನೀವು. ಆರಾಮ ಅದೀರಿಲ್ಲ?" ಎಂದು ಕೇಳಿದಳು.

ಭಾನುವಾರ ಹೊರಟೆವು. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೆಚ್ಚೂಕಡಿಮೆ ಒಂದು ತಾಸಿನ ದಾರಿ. ಮೋಟೆಬೆನ್ನೂರು ಬಂದ ಕೂಡಲೇ ಹೇಳಿಬಿಡುತ್ತೇನೆ ಎಂದುಕೊಂಡೆ. ಮೋಟೆಬೆನ್ನೂರು ಬಂತು, ಹೋಯಿತು. ಹೆದ್ದಾರಿಗೆ ಬಸ್ಸು ತಿರುಗಿದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಆಗ ರಸ್ತೆ ಅಗಲ ಮಾಡುತ್ತಿದ್ದುದರಿಂದ ಅದರ ಬಗ್ಗೆ ಮಾತಾಡಿದೆ. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ ಅಕ್ಷತಾ ನಡುನಡುವೆ, "ಅಪ್ಪಾ, ಏನರ ಹೇಳಾಂವ ಇದ್ದೀಯೇನು?" ಎಂದು ಕೇಳುತ್ತಿದ್ದಳು. "ಏನಿಲ್ಲವಾ, ಈ ಸಲ ಗೋವಿನಜೋಳ ಛಲೋ ಬಂದಾವ ನೋಡು," ಎಂದೆ. ಮೂರು ಸಲ ಕೇಳಿದಳು. ಹತ್ತಿ, ಗೋವಿನಜೋಳ ಮುಗಿದು ಕೊನೆಗೆ ನಾನು ಮೋಡದ ಬಗ್ಗೆ ಮಾತಾಡಿದೆ.

"ಬರ್ರಿ ಕಾಕಾ, ಕುಂದ್ರಿ," ಎಂದು ಮಂಜುನಾಥ ಸ್ಟೂಲು ಒರೆಸಿ ಕೊಟ್ಟ. ಅಕ್ಷತಾ ಡಬ್ಬಿ ಕೊಟ್ಟಳು. ಅವನು ಪ್ರೊಸೆಸರನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತಿರುಗಿಸಿ ನೋಡಿದ. ಒಂದು ಬಿಳಿ ಬಟ್ಟೆಯಿಂದ ಅಂಚನ್ನು ಮೆಲ್ಲಗೆ ಒರೆಸಿದ. ಬಟ್ಟೆ ಕೆಂಪಾಯಿತು. ನಮ್ಮ ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಎಲ್ಲೆಲ್ಲಿಂದಲೋ ಜನ ಹುಡುಕಿಕೊಂಡು ಬರುತ್ತಾರೆ. ಅವನು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಎರಡು ಸಲ ಸೀನಿ, ನನ್ನ ಕೈ ನೋಡಿದ. ನಾನು ಹೆಬ್ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡೆ. ನಾನು ಯಾವ ಊರಿನವನು, ಏನು ಕೆಲಸ ಮಾಡುತ್ತೇನೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಆದರೂ ಮಗಳ ಎದುರಿಗೆ ಹಿರಿಯರ ಮರ್ಯಾದೆ ತೆಗೆಯಬಾರದೆಂದು, "ನಮ್ಮ ಕಡಿಂದನ ಆಗಿರಬೇಕ್ರಿ ಕಾಕಾ. ಬ್ಯಾರೇದು ಕೊಡ್ತೇನಿ ತಗೋರಿ," ಎಂದ.

ಬೋರ್ಡು ಬರೆಸಲು ಇನ್ನೂ ದುಡ್ಡು ಕೂಡಿಬರದ ಅಂಗಡಿ ಅದು. ಅಕ್ಷತಾ ಅವನತ್ತ ನೋಡಲಿಲ್ಲ, ನನ್ನತ್ತ ನೋಡಿದಳು. ಒತ್ತಿದ ಕಾಯಿ ಮೆತ್ತಗೆ ಅನಿಸಿದಾಗ ನಾನು ತಂದವನ ಮುಖವನ್ನು ಹೇಗೆ ನೋಡುತ್ತೇನೋ ಹಾಗೆಯೇ ನೋಡಿದಳು.

"ನಿಂದಲ್ಲೋ ತಮ್ಮಾ ತಪ್ಪು," ಎಂದೆ. "ನಾನ ಒತ್ತಿ ನೋಡಿದೆ."

"ಯಾಕ್ರಿ ಕಾಕಾ?"

"ಒಣಗೇತೇನು ಅಂತ."

ಮಂಜುನಾಥ ಒಂದು ಕ್ಷಣ ತಡೆದುಕೊಂಡ. ಆಮೇಲೆ ಟೇಬಲ್ಲಿನ ಮೇಲೆ ತಲೆಯಿಟ್ಟು ನಕ್ಕ. ಅಕ್ಷತಾ ನಗಲಿಲ್ಲ, ಆದರೆ ಸ್ಟೂಲನ್ನು ನನ್ನ ಹತ್ತಿರ ಎಳೆದುಕೊಂಡು ಕುಳಿತಳು. ಆ ಹುಡುಗ ಸೀಸ ತೆಗೆದ ಒಂದು ಪೆನ್ ಪೆನ್ಸಿಲ್ ಹುಡುಕಿದ. ಅದರ ತುದಿಯ ತೂತಿನೊಳಗೆ ಒಂದೊಂದೇ ಪಿನ್ನನ್ನು ತೂರಿಸಿ ನೆಟ್ಟಗೆ ಮಾಡುವುದನ್ನು ತೋರಿಸಿದ. ನಾಲ್ಕನ್ನು ಅವನು ಮಾಡಿದ, ಉಳಿದದ್ದನ್ನೆಲ್ಲ ಅಕ್ಷತಾ ಉಸಿರು ಬಿಗಿಹಿಡಿದು ತಾನೇ ಎಬ್ಬಿಸಿ ನಿಲ್ಲಿಸಿದಳು. ಒಂದೂ ಮುರಿಯಲಿಲ್ಲ. ನನಗೆ ವಹಿಸಿದ ಕೆಲಸ ಚಹಾ ತರಿಸುವುದು. ನಾನು ಚಹಾದ ಜೊತೆ ಮಿರ್ಚಿ ಭಜಿಯನ್ನೂ ತರಿಸಿದೆ. ಅದನ್ನು ಯಾರೂ ಪ್ರೊಸೆಸರಿನ ಹತ್ತಿರ ಬರಗೊಡಲಿಲ್ಲ.

ಸಂಜೆ ಯಂತ್ರ ಜೋಡಣೆಯಾಯಿತು. ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆದ ಮೇಲೆ ನನಗೆ ಸ್ಕ್ರೂ ಹಿಡಿದುಕೊಂಡು ನಿಲ್ಲುವ ಅನುಮತಿ ಸಿಕ್ಕಿತು. ಬಟನ್ ಒತ್ತಿದಾಗ ಫ್ಯಾನು ತಿರುಗಿ, ಹಾವೇರಿಯ ಮಾನಿಟರು ಕಣ್ಣು ಬಿಟ್ಟಿತು. ಅವ್ವ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದು ನೋಡಿ, "ಹೊಳಪು ಛಲೋ ಐತಿ," ಎಂದು ಹೇಳಿ ಹೋದಳು. ಪರದೆಯ ಮೇಲೆ ಕಾರು ಓಡತೊಡಗಿತು. ಎರಡನೆಯ ತಿರುವಿನಲ್ಲಿ ನಾನು ಮೆಲ್ಲಗೆ ಕೇಳಿದೆ, "ನಿನಗ ಯಾವಾಗ ಗೊತ್ತಾತು?"

"ಡಬ್ಬಿ ತಗದ ಕೂಡಲೆ. ಘಾಟು ಬಂತು."

"ಮತ್ತ ನಾಕು ದಿನಾ ಯಾಕ ಸುಮ್ನಿದ್ದಿ?"

ಪರದೆಯಿಂದ ಕಣ್ಣು ತೆಗೆಯದೆ ಅಕ್ಷತಾ ಹೇಳಿದಳು: "ನಾನೂ ಒತ್ತಿ ನೋಡಾಕತ್ತಿದ್ದೆ."

ಹೇಗಿತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ಸೋಮವಾರದ ಮಾರುಕಟ್ಟೆ. ಐರಣಿ ಕಡೆಯ ಒಬ್ಬ ಮುದುಕ, ಮೊದಲ ಸಲ ಮಾಲು ತಂದವನು, ಚೀಲದ ಬಾಯಿ ಬಿಚ್ಚುತ್ತಿದ್ದ. ನಾನು ಕೈ ಚಾಚುವ ಮೊದಲೇ, "ಮ್ಯಾಲಿಂದು ಒಣಗೇತ್ರಿ ಸಾವ್ಕಾರ್ರ, ತಳದಾಗ ಹಸಿ ಐತಿ. ನಿನ್ನೆ ನಾನ ನೀರು ಹೊಡದೇನಿ. ಹೊಡದ ಮ್ಯಾಲೆ ಮನಸ್ಸು ತಡೀಲಿಲ್ಲ," ಎಂದುಬಿಟ್ಟ. ನನಗೆ ನಾಲ್ಕು ದಿನ, ಎರಡು ಬಸ್ ಟಿಕೇಟು ಹಿಡಿದ ಕೆಲಸವನ್ನು ಅವನು ಚೀಲ ಬಿಚ್ಚುವಷ್ಟರಲ್ಲಿ ಮುಗಿಸಿದ್ದ. ನನ್ನ ಪ್ರವಚನ ನಾಲಿಗೆಯ ತುದಿಗೆ ಬಂದು ಹಾಗೆಯೇ ಹಿಂದೆ ಹೋಯಿತು. ಇನ್ನು ಒತ್ತಿ ನೋಡಬೇಕಾದದ್ದೇನೂ ಉಳಿದಿರಲಿಲ್ಲ. ಆದರೂ ಚಟ ನೋಡಿ, ತಳಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದು ಒತ್ತಿದೆ. ಮುದುಕ ಹೇಳಿದ್ದು ಖರೇ ಇತ್ತು.