ಕ್ಷಮೆ ಕೇಳುವ ರಾಜ

ರಂಗದ ಪಕ್ಕ ಹಾರ್ಮೋನಿಯಂ ಹಿಡಿದು ಕೂತವನಿಗೆ ನಗು ಬರಿಸುವ ಪ್ರಸಂಗಗಳಿಗೇನೂ ಕಡಿಮೆಯಿಲ್ಲ. ಕೆಲವಕ್ಕೆ ಆಗ ಬಿದ್ದು ಬಿದ್ದು ನಕ್ಕಿದ್ದೆ. ಈಗ ನೆನೆದರೆ ನಗು ಬರುವುದಿಲ್ಲ.

ಐವತ್ತರ ದಶಕದ ಕೊನೆಯಲ್ಲಿ ಶಿಡ್ಲಘಟ್ಟದ ನಮ್ಮ ತಂಡ ಒಂದೇ ಪೌರಾಣಿಕ ನಾಟಕವನ್ನು ಸುತ್ತಮುತ್ತಲ ಊರುಗಳಲ್ಲೆಲ್ಲ ಆಡುತ್ತಿತ್ತು. ರಾಜ ಇಲ್ಲದ ಅನುಮಾನಪಟ್ಟು ರಾಣಿಯನ್ನು ಕಾಡಿಗೆ ಅಟ್ಟುತ್ತಾನೆ. ಕೊನೆಯ ಅಂಕದಲ್ಲಿ ಮಂಡಿಯೂರಿ ಕ್ಷಮೆ ಕೇಳುತ್ತಾನೆ. ಹಾಡು, ಮಾತು ಎರಡನ್ನೂ ಕಲಿಸುವ ಮೇಷ್ಟ್ರು ನಾನು. ರಾಜನ ಪಾತ್ರ ಒಬ್ಬ ಗುಮಾಸ್ತನದು. ರಾಣಿಯ ಪಾತ್ರ ಸಾದಲಿಯ ರೇಷ್ಮೆ ಬೆಳೆಗಾರನದು.

ಬಾಯಿಗೆ ಬಾರದ ಮಾತು

ಗುಮಾಸ್ತನ ಹೆಂಡತಿ ಗೌರಿಬಿದನೂರಿನ ತವರಿಗೆ ಹೋಗಿ ಕೂತಿದ್ದಳು. ಮದುವೆಯೊಂದರಲ್ಲಿ ಬಡಿಸುವಾಗ ಅವಳ ಕೈತಪ್ಪಿ ಸಾರು ಚೆಲ್ಲಿತ್ತು. ಪಂಕ್ತಿಯಲ್ಲಿ ಎಲ್ಲರೆದುರು ಇವನು, "ನಿಮ್ಮಪ್ಪ ಇಷ್ಟೂ ಕಲಿಸ್ಲಿಲ್ವಾ?" ಅಂದುಬಿಟ್ಟಿದ್ದ. ಅವಳ ಅಪ್ಪ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. "ತಪ್ಪಾಯ್ತು ಅಂದ್ರೆ ಬರ್ತೀನಿ" ಅಂತ ಅವಳು ಹೇಳಿಕಳಿಸಿದ್ದಳು. ಇವನು ಹೋಗಿರಲಿಲ್ಲ.

ಅಭ್ಯಾಸದಲ್ಲಿ ರಾಣಿಯನ್ನು ಅಟ್ಟುವ ದೃಶ್ಯ ಸೊಗಸಾಗಿ ಬರುತ್ತಿತ್ತು. ಕ್ಷಮೆಯ ದೃಶ್ಯಕ್ಕೆ ಬಂದರೆ ನಾಲಗೆ ಹೊರಳುತ್ತಿರಲಿಲ್ಲ.

"ದೇವಿ, ತಪ್ಪಾಗಿದೆಯಂತೆ."

"ಯಾರಪ್ಪ ಹಾಗಂದೋರು? ನೀನೇ ಒಪ್ಕೋಬೇಕು" ಅಂದೆ.

"ದೇವಿ, ಅಕಸ್ಮಾತ್ ತಪ್ಪಾಗಿದ್ದರೆ..."

ರಾಣಿ ಬೀಡಿ ಹಚ್ಚುತ್ತಾ ಹೇಳಿದ: "ಇವನ ಹತ್ರ ಕ್ಷಮೆ ಕೇಳಿಸ್ಕೊಳ್ಳೋದಕ್ಕಿಂತ ಕಾಡೇ ವಾಸಿ ಮೇಷ್ಟ್ರೇ. ನಾನು ಅಲ್ಲೇ ಇದ್ಬಿಡ್ತೀನಿ."

ಹೋಗು ಎನ್ನದ ರಾಜ

ಆ ವರ್ಷ ಗೌರಿಬಿದನೂರಿನಲ್ಲೇ ನಾಟಕ. ಹೆಂಗಸರ ಕಡೆ ಮುಂದಿನ ಚಾಪೆಯ ಮೇಲೆ ಗುಮಾಸ್ತನ ಹೆಂಡತಿ ಕೂತಿದ್ದಳು. ಗುಮಾಸ್ತ ನೋಡಿದ. "ತೊಲಗು ನನ್ನ ಅರಮನೆಯಿಂದ" ಅಂತ ಗುಡುಗಬೇಕಾದವನು ಬಾಯಿ ಮುಚ್ಚಿ ನಿಂತ. ನಾನು ಶ್ರುತಿ ಎಳೆದೆ, ಮತ್ತೆ ಎಳೆದೆ. ಕೊನೆಗೆ ರಾಣಿಯೇ ಕೇಳಿದ: "ಸ್ವಾಮಿ, ನನ್ನನ್ನು ಕಾಡಿಗೆ ಕಳಿಸುವುದಿಲ್ಲವೇ?"

"ಇರು, ಏನವಸರ?"

"ಪ್ರಜೆಗಳು ಕಾಯ್ತಿದಾರೆ ಸ್ವಾಮಿ."

ರಾಜ ಸ್ವಲ್ಪ ಯೋಚಿಸಿ, "ಸರಿ, ಊಟ ಮಾಡ್ಕೊಂಡು ಹೋಗು" ಅಂದ.

ಹಾರ್ಮೋನಿಯಂ ಇಲ್ಲದ ಬೆಳಗು

ಕೊನೆಯ ಅಂಕದಲ್ಲಿ ಅವನು ರಾಣಿಗೆ ಬೆನ್ನು ಮಾಡಿ, ಹೆಂಗಸರ ಕಡೆ ತಿರುಗಿ ಮಂಡಿಯೂರಿದ. "ತಪ್ಪಾಯ್ತು. ನಿಮ್ಮಪ್ಪನ ಹೆಸರು ಎತ್ತಬಾರದಿತ್ತು." ನಾಟಕದಲ್ಲಿಲ್ಲದ ಮಾತು. ಪಾಪ, ಹಿಂದೆ ನಿಂತಿದ್ದ ರಾಣಿ ಸಂಭಾಳಿಸಿದ: "ಪರವಾಗಿಲ್ಲ ಸ್ವಾಮಿ, ನಮ್ಮಪ್ಪ ಬೇಜಾರು ಮಾಡ್ಕೊಳ್ಳಲ್ಲ." ಜನ ನಕ್ಕರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೆಳಿಗ್ಗೆ ಅವನನ್ನು ಅವಳ ಮನೆಗೆ ನಾನೇ ಕರೆದುಕೊಂಡು ಹೋದೆ. ಬಾಗಿಲು ತೆರೆದು ನಿಂತಳು. ಹಿಂದೆ ಒಂದು ಚೀಲವೂ ಸಿದ್ಧವಾಗಿತ್ತು. ಗುಮಾಸ್ತ ಅವಳ ಮುಖ ನೋಡಿದ, ಬಾಗಿಲು ನೋಡಿದ. "ಇದಕ್ಕೆ ಸ್ವಲ್ಪ ಎಣ್ಣೆ ಬಿಡ್ಬೇಕು, ಕಿರ್ ಅನ್ನುತ್ತೆ" ಅಂದ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಹೋದಳು.

ಬಸ್ಸಿನಲ್ಲಿ ಅವನು, "ಮೇಷ್ಟ್ರೇ, ನೀವು ಹಾರ್ಮೋನಿಯಂ ತರಬೇಕಿತ್ತು" ಅಂದ.

ಅವಳ ಸಂಸಾರ

ಅಲ್ಲಿಂದಾಚೆಗೆ ಪ್ರತಿ ವರ್ಷ ಗೌರಿಬಿದನೂರಿನಲ್ಲಿ ನಾಟಕವಾಯಿತು. ಪ್ರತಿ ವರ್ಷ ಅವನು ಹೆಂಗಸರ ಕಡೆ ತಿರುಗಿ ಕ್ಷಮೆ ಕೇಳಿದ. ಅವಳು ಕಣ್ಣೊರೆಸಿಕೊಂಡಳು, ಅವನಿಗೆ ಇಷ್ಟದ ಹೋಳಿಗೆ ಕಳಿಸಿದಳು. ಅವನು ತಿಂದು ಬಸ್ಸು ಹತ್ತಿದ. ಇಬ್ಬರ ತಲೆಯೂ ನರೆಯಿತು.

ಒಂದು ಸಲ ನನಗೆ ತಡೆಯಲಾಗಲಿಲ್ಲ. "ಇಷ್ಟು ಪ್ರೀತಿ ಇಟ್ಕೊಂಡು ಅವನ ಜೊತೆ ಹೋಗಿಬಿಡಬಾರದೇನಮ್ಮ?" ಅಂತ ಕೇಳಿದೆ.

ಅವಳು ಹೋಳಿಗೆಯ ಡಬ್ಬಿ ನನ್ನ ಕೈಗಿಟ್ಟಳು.

"ಗುಮಾಸ್ತರ ಜೊತೆ ಏಗೋಕಾಗಲ್ಲ ಮೇಷ್ಟ್ರೇ. ಆ ರಾಜರು ಒಳ್ಳೆಯೋರು, ವರ್ಷಕ್ಕೊಂದ್ಸಲ ಬಂದು ತಪ್ಪಾಯ್ತು ಅಂತಾರೆ. ನನಗೆ ಅವರೇ ಸಾಕು."